ನಾನು ಆರಿಸಿದ ಎರಡು ದಿನ

ಸೆಪ್ಟೆಂಬರ್ 4, ಗುರುವಾರ

ಟವರ್ ತಿರುಗಿತು! ತಿರುಗಿಸಿದ್ದು ನಾನು!

ಮದುವೆಯ ರಜೆ ಮುಗಿಸಿ ಆಫೀಸಿಗೆ ಹೋಗಲು ಶುರು ಮಾಡಿ ಇನ್ನೂ ವಾರವಾಗಿಲ್ಲ, ಅಷ್ಟರಲ್ಲಿ ಇದು. ನನ್ನ ಅದೃಷ್ಟಕ್ಕೆ ನನಗೇ ಹೊಟ್ಟೆಕಿಚ್ಚು ಬರುತ್ತಿದೆ.

ನಡೆದದ್ದು ಹೀಗೆ. ಹಳೆಯ ಐಸ್ ಕಾರ್ಖಾನೆಯ ಜಾಗದಲ್ಲಿ ನಮ್ಮ ಆಫೀಸು ಒಂದು ಟವರ್ ವಿನ್ಯಾಸ ಮಾಡುತ್ತಿದೆ. ಕೆಳಗಿನ ನಾಲ್ಕು ಮಹಡಿ ಅಂಗಡಿಗಳು, ಅದರ ಮೇಲೆ ಇಪ್ಪತ್ತೆರಡು ಮಹಡಿ ಆಫೀಸುಗಳು. ಮುಂದಿನ ದೊಡ್ಡ ರಸ್ತೆಗೆ ಕಟ್ಟಡದ ಕಿರಿದಾದ ಬದಿ ಮಾತ್ರ ಕಾಣುತ್ತಿತ್ತು, ಹಾಗಾಗಿ ಅಂಗಡಿಗಳಿಗೆ ಮುಖವೇ ಇರಲಿಲ್ಲ. ಕಟ್ಟಿಸುವವರದು ಪ್ರತಿ ಮೀಟಿಂಗಿನಲ್ಲೂ ಅದೇ ರಾಗ. ಇವತ್ತು ಎಲ್ಲರೂ ಮಾಡೆಲ್ ಸುತ್ತ ತಲೆ ಕೆರೆದುಕೊಂಡು ನಿಂತಿದ್ದಾಗ ನಾನು ಸುಮ್ಮನೆ ಕೈ ಹಾಕಿ, ಊಟದ ಡಬ್ಬಿಯನ್ನು ಮೇಜಿನ ಮೇಲೆ ತಿರುಗಿಸುವ ಹಾಗೆ, ಟವರನ್ನು ಎತ್ತಿ ಅಡ್ಡಡ್ಡ ಇಟ್ಟೆ. ಅಗಲವಾದ ಬದಿ ರಸ್ತೆಗೆ ಬಂತು. ಅಂಗಡಿಗಳ ಮುಖ ಒಂದೇ ಏಟಿಗೆ ಉದ್ದವಾಯಿತು. ಮೇಲಿನ ಆಫೀಸುಗಳ ಕಿಟಕಿಗೆಲ್ಲ ರಸ್ತೆಯಾಚೆಯ ಕೆರೆ ಬಂತು.

ಆಫೀಸಿನ ಯಜಮಾನರು, ನಾವೆಲ್ಲ ‘ದೊಡ್ಡ ಸರ್’ ಎಂದು ಕರೆಯುವವರು, ಬಹಳ ಹೊತ್ತು ಬಗ್ಗಿ ನೋಡಿದರು.

“ಇಷ್ಟು ದಿನ ಇದು ನಮಗ್ಯಾಕೆ ಹೊಳೀಲಿಲ್ಲ?”

“ಇಷ್ಟು ದಿನ ಇವರಿಗೆ ಮದುವೆ ಆಗಿರಲಿಲ್ಲವಲ್ಲ ಸರ್” ಎಂದರು ಮಾಡೆಲ್ ಮಾಡುವವರು. ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಕೆಂಪಗಾದೆ, ಆದರೆ ಹಿತವಾಗಿತ್ತು.

ಮದುವೆಗೂ ಈ ಟವರಿಗೂ ನಂಟು ಇರುವುದು ನಿಜ! ಕಳೆದ ವರ್ಷ ಆ ಜಾಗ ಅಳೆಯಲು ಬಂದಿದ್ದಾಗ ಅಳತೆ ಟೇಪಿನ ತುದಿ ಚಿಮ್ಮಿ ನನ್ನ ಕನ್ನಡಕದ ಗಾಜು ಒಡೆಯಿತು. ಹತ್ತಿರದ ಕನ್ನಡಕದಂಗಡಿಗೆ ಓಡಿದೆ. ಕೌಂಟರಿನ ಆಚೆಗಿದ್ದವನು “ಆ ಬೋರ್ಡ್ ಓದಿ” ಎಂದ. ನಾನು ಅವನ ಮುಖ ನೋಡುತ್ತಾ ನಿಂತೆ. ಈಗ ಅವನು ನನ್ನ ಗಂಡ. ಅವನ ಮನೆ ಆ ಜಾಗದ ಬೆನ್ನಿಗಿರುವ ಬೀದಿಯಲ್ಲಿದೆ. ನಮ್ಮ ನಕ್ಷೆಯಲ್ಲಿ ಈ ಬೀದಿ ಬರೀ ಬೂದು ಚೌಕಗಳ ಎರಡು ಸಾಲು. ಅಂಥದೊಂದು ಚೌಕದ ಒಳಗೆ ಮಂಚದ ಮೇಲೆ ಕಾಲು ಮಡಚಿ ಕೂತು ಇದನ್ನು ಬರೆಯುತ್ತಿದ್ದೇನೆ!

ಮಾವನವರದು ಹಾಸಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಸುದ್ದಿ ಕೇಳಿದ್ದೇ ಅವರು ಕತ್ತರಿ ಕೆಳಗಿಟ್ಟರು.

“ಇಪ್ಪತ್ತೆರಡು ಮಹಡಿ ಆಫೀಸು ಅಂದ್ರೆ ಎಷ್ಟು ಕುರ್ಚಿ ಆಯ್ತಮ್ಮ? ಕುರ್ಚಿಗೊಂದು ಕುಶನ್ ಬೇಡವಾ?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ” ಎಂದರು ಅತ್ತೆ.

ಕೂಸು ಎಂದ ಕೂಡಲೇ ಇವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಥೂ, ನಾಚಿಕೆಯಿಲ್ಲದವನು! ಎಷ್ಟು ಖುಷಿಯಾಗಿದ್ದೇನೆ ಎಂದರೆ ನಿದ್ದೆ ಬರುವ ಹಾಗೆ ಕಾಣುವುದಿಲ್ಲ.


ಸೆಪ್ಟೆಂಬರ್ 8, ಸೋಮವಾರ

ಒಂದು ನಾಚಿಕೆಯ ಸಂಗತಿ. ಇಲ್ಲಲ್ಲದೆ ಇನ್ನೆಲ್ಲಿ ಬರೆಯಲಿ?

ಈ ಮನೆಯಲ್ಲಿ ಎಲ್ಲಿ ನೋಡಿದರೂ ಹತ್ತಿ. ಜನ ಹಳೆಯ, ಗಟ್ಟಿಯಾದ ಹಾಸಿಗೆಗಳನ್ನು ತಂದು ಹಾಕುತ್ತಾರೆ. ಮಾವ ಅದನ್ನು ಬಿಚ್ಚಿ, ಹತ್ತಿಯನ್ನು ತಾರಸಿಯ ಮೇಲೆ ಹರಡಿ ಚೆನ್ನಾಗಿ ಬಿಸಿಲು ತೋರಿಸಿ, ಆಮೇಲೆ ಮಿಷನ್ನಿನಲ್ಲಿ ಹಿಂಜಿ ಮತ್ತೆ ತುಂಬುತ್ತಾರೆ. ಈ ಬೀದಿಯಲ್ಲಿ ಇನ್ನೂ ಕೆಲವು ಮನೆಯವರದು ಇದೇ ಕಸುಬು. ಚಳಿ ಶುರುವಾದರೆ ಊಟಕ್ಕೂ ಬಿಡುವಿಲ್ಲವಂತೆ, ಊರಿಗೆಲ್ಲ ಆಗಲೇ ಹಾಸಿಗೆ ರಜಾಯಿಯ ನೆನಪಾಗುವುದಂತೆ.

ಇವತ್ತು ಮೀಟಿಂಗಿನಲ್ಲಿ ದೊಡ್ಡ ಸರ್ ನನ್ನ ಕಪ್ಪು ಕೋಟಿನ ತೋಳಿನಿಂದ ಏನೋ ಬಿಳಿಯದನ್ನು ಹೆಕ್ಕಿ ಎತ್ತಿ ಹಿಡಿದರು. ಕಟ್ಟಿಸುವವರೆಲ್ಲ ನೋಡುತ್ತಿದ್ದರು.

“ಏನಿದು? ಮನೇಲಿ ಬೆಕ್ಕು ಸಾಕಿದೀರಾ?”

“ಹೌದು ಸರ್” ಎಂದುಬಿಟ್ಟೆ. “ಬಿಳಿ ಬೆಕ್ಕು.”

ದೊಡ್ಡ ಸರ್‌ಗೆ ಬೆಕ್ಕೆಂದರೆ ಪ್ರಾಣವಂತೆ! ಹೆಸರೇನು, ಏನು ತಿನ್ನುತ್ತದೆ, ಸೋಫಾ ಪರಚುತ್ತದೆಯೇ ಎಂದೆಲ್ಲ ಕೇಳಿದರು. ಹೆಸರಿನ್ನೂ ಇಟ್ಟಿಲ್ಲ ಎಂದೆ. ಮೊದಲೊಮ್ಮೆ ಯಾರೋ ಕೇಳಿದಾಗ ನನ್ನ ಗಂಡನ ಮನೆಯವರದು ‘ಫರ್ನಿಶಿಂಗ್ ಬಿಸಿನೆಸ್’ ಎಂದಿದ್ದೆ. ಈಗ ಅದರ ಜೊತೆಗೆ ಒಂದು ಬೆಕ್ಕೂ ಸೇರಿತು.

ಇವನಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗೋಣ ಎಂದುಕೊಂಡು ಬಂದೆ. ಬಾಗಿಲಲ್ಲಿ ಅತ್ತೆ ಸೆರಗಿನಲ್ಲಿ ಹತ್ತಿಯ ಎಳೆಗಳನ್ನು ಕೊಡವಿಕೊಳ್ಳುತ್ತಿದ್ದರು. ಹೇಳಲಿಲ್ಲ.


ಸೆಪ್ಟೆಂಬರ್ 11, ಗುರುವಾರ

ಪರವಾನಗಿಗೆ ಹಾಕುವ ನಕ್ಷೆಗಳಲ್ಲಿ ನೆರಳಿನ ಹಾಳೆ ಒಂದಿರುತ್ತದೆ. ಕಟ್ಟಡದ ನೆರಳು ಎಲ್ಲಿ ಬೀಳುತ್ತದೆ ಎಂದು ತೋರಿಸುವುದು. ಟವರ್ ತಿರುಗಿಸಿದವಳು ನಾನಾದ್ದರಿಂದ ಹಾಳೆಯೂ ನನ್ನ ಪಾಲಿಗೇ ಬಂತು. ಕಂಪ್ಯೂಟರಿನಲ್ಲಿ ತಾರೀಖು ಎಳೆದರೆ ಸಾಕು, ಸೂರ್ಯ ತಾನೇ ನಡೆಯುತ್ತಾನೆ. ಎಷ್ಟು ಮಜವಾದ ಕೆಲಸ! ಜೂನ್ ತಿಂಗಳಲ್ಲಿ ಇಟ್ಟೆ. ನೆರಳು ನಾಯಿಮರಿಯ ಹಾಗೆ ಕಟ್ಟಡದ ಕಾಲ ಬುಡದಲ್ಲೇ ಮುದುಡಿತು. ನವೆಂಬರಿಗೆ ಎಳೆದೆ. ನೆರಳು ಹಿಂದಿನ ಕಾಂಪೌಂಡ್ ಗೋಡೆ ಹತ್ತಿತು. ಇನ್ನೂ ಎಳೆದೆ. ಬೂದು ಚೌಕಗಳು ಒಂದೊಂದಾಗಿ ಕಪ್ಪಾದವು.

ಡಿಸೆಂಬರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಚೌಕವೂ ಬೆಳಗಲಿಲ್ಲ.

ಟವರನ್ನು ಮೊದಲಿದ್ದ ಹಾಗೆ ತಿರುಗಿಸಿ ನೋಡಿದೆ. ಆಗ ನೆರಳು ಕಿರಿದು. ಗಡಿಯಾರದ ಮುಳ್ಳಿನ ಹಾಗೆ ಮನೆಯಿಂದ ಮನೆಗೆ ಸರಿದು ಹೋಗುತ್ತದೆ, ಯಾವ ಮನೆಯ ಮೇಲೂ ನಿಲ್ಲುವುದಿಲ್ಲ. ಮತ್ತೆ ನನ್ನ ಹಾಗೆ ತಿರುಗಿಸಿದೆ. ನೆರಳು ಬಂದು ಕೂತಿತು, ಏಳಲಿಲ್ಲ. ಆ ಕಡೆ ಈ ಕಡೆ ಎಷ್ಟು ಸಲ ತಿರುಗಿಸಿದೆನೋ.

ಮನೆಗೆ ಬಂದಾಗ ಅತ್ತೆ ತಾರಸಿಯ ಮೇಲಿದ್ದರು. “ಏನು ಮಗೂ, ಮುಖ ಬಾಡಿದೆ?” ಎಂದರು. ತಲೆನೋವು ಎಂದೆ. ಕೂರಿಸಿಕೊಂಡು ಹಣೆ ಒತ್ತಿದರು. ಸಂಜೆಯಾಗಿದ್ದರೂ ಅವರ ಬೆರಳು ಬೆಚ್ಚಗಿದ್ದವು.

ದೊಡ್ಡ ಸರ್ ಏನಾದರೂ ದಾರಿ ಹುಡುಕುತ್ತಾರೆ. ಅವರಿಗೆ ಗೊತ್ತಿಲ್ಲದ್ದು ಯಾವುದಿದೆ!


ಸೆಪ್ಟೆಂಬರ್ 12, ಶುಕ್ರವಾರ

“ಚಳಿಗಾಲದಲ್ಲಿ ಹಿಂದಿನ ಬೀದಿ ಪೂರ್ತಿ ನೆರಳಾಗತ್ತೆ ಸರ್.”

“ಆಗತ್ತೆ” ಎಂದರು. ಅವರಿಗೆ ಮೊದಲೇ ಗೊತ್ತಿತ್ತು. “ನಿಯಮ ಓದಿದ್ರಾ?”

“ಓದಿದೆ ಸರ್. ಪ್ರಾತಿನಿಧಿಕವಾದ ಎರಡು ದಿನಗಳ ನೆರಳು ತೋರಿಸಬೇಕು ಅಂತಿದೆ.”

“ಯಾವ ಎರಡು ಅಂತ ಇದೆಯಾ?”

“ಇಲ್ಲ.”

ಅವರು ಗದರಲಿಲ್ಲ, ಬಲವಂತ ಮಾಡಲಿಲ್ಲ. ಅದನ್ನೂ ಬರೆದಿಡಬೇಕು. “ನೋಡಿ, ವಿನ್ಯಾಸ ನಿಮ್ಮದು, ಹಾಳೆ ನಿಮ್ಮದು. ಬೇಡ ಅನ್ನಿಸಿದ್ರೆ ಟವರನ್ನ ಹಿಂದಕ್ಕೆ ತಿರುಗಿಸೋಣ. ಆದ್ರೆ ಸೋಮವಾರ ಕಟ್ಟಿಸುವವರ ಮುಂದೆ ನಿಂತು ಅದನ್ನ ನೀವೇ ಹೇಳಬೇಕು. ಇಲ್ಲಾ, ಎರಡು ದಿನ ಆರಿಸಿ” ಎಂದು ಚಹಾ ಕುಡಿಯಲು ಎದ್ದು ಹೋದರು.

ಮೇಜಿನ ಮೇಲೆ ನಕ್ಷೆಯ ಮೊದಲ ಪುಟವಿತ್ತು. ವಿನ್ಯಾಸ ತಂಡದ ಹೆಸರುಗಳಲ್ಲಿ ನನ್ನದು ಎರಡನೆಯದು. ಮದುವೆಗೆ ಮುಂಚೆ ನಾನು ಕೊನೆಯ ಸಾಲಿನಲ್ಲೂ ಇರಲಿಲ್ಲ.

ಮಾರ್ಚಿನ ಒಂದು ದಿನ ಆರಿಸಿದೆ. ಜೂನಿನ ಒಂದು ದಿನ ಆರಿಸಿದೆ. ಎರಡೂ ನಡು ಮಧ್ಯಾಹ್ನ. ನೆರಳಿಗೆ ಕಪ್ಪು ಬಣ್ಣದ ಬದಲು ತಿಳಿನೀಲಿ ತುಂಬಿದೆ. ನೋಡಲು ಚೆನ್ನಾಗಿದೆ, ನೀರು ಚೆಲ್ಲಿದ ಹಾಗೆ.

ಸುಳ್ಳೇನೂ ಹೇಳಿಲ್ಲ. ಎರಡೂ ನಿಜವಾದ ದಿನಗಳೇ.


ಸೆಪ್ಟೆಂಬರ್ 13, ಶನಿವಾರ

ಅನ್ನ ಸೀಯಿಸಿದೆ. ಯಾರೂ ಏನೂ ಅನ್ನಲಿಲ್ಲ. ಮಾವ ಇನ್ನೊಂದು ಸಲ ಹಾಕಿಸಿಕೊಂಡು “ಸ್ವಲ್ಪ ತಳ ಹಿಡಿದಿದ್ರೇನೇ ರುಚಿ” ಎಂದರು. ಇವರೆಲ್ಲ ಇಷ್ಟೊಂದು ಒಳ್ಳೆಯವರಾಗಿರಬೇಕಾದ ಅಗತ್ಯವಾದರೂ ಏನಿತ್ತು?


ಸೆಪ್ಟೆಂಬರ್ 27, ಶನಿವಾರ

ದೊಡ್ಡ ಸರ್ ಮನೆಗೆ ಬಂದಿದ್ದರು. ಹೇಳದೆ ಕೇಳದೆ!

ಜಾಗ ನೋಡಲು ಬಂದವರಿಗೆ, ನಾನು ಹಿಂದಿನ ಬೀದಿಯಲ್ಲೇ ಇದ್ದೇನೆಂದು ಯಾರೋ ಹೇಳಿದರಂತೆ. ಕೆಳಗೆ ಅಂಗಡಿಯ ಮುಂದೆ ನಿಂತು, ತೂಗುಹಾಕಿದ್ದ ದಿಂಬುಗಳನ್ನೂ ಮೂಲೆಯ ಹತ್ತಿ ರಾಶಿಯನ್ನೂ ನೋಡಿ “ಓ, ಫರ್ನಿಶಿಂಗ್” ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಾವ ಏನೂ ತಿಳಿಯದೆ ಕೈಮುಗಿದು, ಒಂದು ಹೊಸ ದಿಂಬು ತಂದು ಅವರ ಬೆನ್ನಿಗಿಟ್ಟು ಕೂರಿಸಿದರು.

ಅವರು ಬಂದ ವಿಷಯ ಇದು. ಮುಂದಿನ ತಿಂಗಳು ಹದಿನಾಲ್ಕಕ್ಕೆ ನಗರ ಕಚೇರಿಯವರು ಈ ಬೀದಿಯವರನ್ನು ಕರೆದು ಟವರಿಗೆ ಆಕ್ಷೇಪಣೆ ಇದೆಯೇ ಎಂದು ಕೇಳುತ್ತಾರೆ. ಅಲ್ಲಿ ವಿನ್ಯಾಸವನ್ನು ವಿವರಿಸಬೇಕಾದವಳು ನಾನು. “ಹೊರಗಿನವರು ಹೇಳಿದ್ರೆ ನೂರು ಅನುಮಾನ. ಮನೆ ಮಗಳು ಹೇಳಿದ್ರೆ ಯಾರು ಬೇಡ ಅಂತಾರೆ?” ಎಂದು ಮಾವನ ಕಡೆ ನೋಡಿ ನಕ್ಕರು. ಮಾವನ ಎದೆ ಒಂದು ಗೇಣು ಅಗಲವಾಯಿತು.

ಅತ್ತೆ ಚಹಾ ತಂದಾಗ ದೊಡ್ಡ ಸರ್ ಕೇಳಿಯೇಬಿಟ್ಟರು. “ಎಲ್ಲಿ ನಿಮ್ಮ ಬೆಕ್ಕು?”

ಮಾವ ಬಾಯಿ ತೆರೆದರು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು, ಅಷ್ಟೇ.

“ಹೊರಗೆ ಹೋಗಿದೆ” ಎಂದರು. “ಅದಕ್ಕೇನು ಮನೆಯಾ ಮಠವಾ? ಹೊತ್ತು ಹೊತ್ತಿಗೆ ಹಾಲು ಕುಡಿಯೋಕೆ ಬರತ್ತೆ.”

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ತಲೆ ತಗ್ಗಿಸಿ ನಿಂತೆ. ಅತ್ತೆ ಲೋಟ ತೊಳೆಯುತ್ತಲೇ, “ಬಣ್ಣ ಯಾವುದು ಅಂತ ಮೊದಲೇ ಹೇಳಿರಬಾರದಾ? ಇನ್ನೊಂದು ಮಾತು ಕೇಳಿದ್ರೆ ನಾನು ಕಪ್ಪು ಅಂದುಬಿಡ್ತಿದ್ದೆ” ಎಂದು ನಕ್ಕರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.


ಅಕ್ಟೋಬರ್ 6, ಸೋಮವಾರ

ಈಗ ದಿನಾ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿರುತ್ತಾರೆ. ಕೋಟಿನ ಬೆನ್ನು, ತೋಳು, ಅಂಚು ಎಲ್ಲ ಒರೆಸಿ, ಒಂದು ಎಳೆ ಹತ್ತಿಯೂ ಉಳಿಯದಂತೆ ನೋಡಿ ಕಳಿಸುತ್ತಾರೆ. ಬೇಡ ಅತ್ತೆ ಎಂದರೆ ಕೇಳುವುದಿಲ್ಲ. “ದೊಡ್ಡ ಜನದ ಮಧ್ಯೆ ಕೂರೋಳು ನೀನು.”

ಮಾವ ಹೊಸ ಅಂಗಿ ಹೊಲಿಸಿದ್ದಾರೆ. ಸಭೆಗೆ. ಬೀದಿಯ ಮನೆಮನೆಗೆ ಹೋಗಿ “ನಮ್ಮ ಸೊಸೆ ಮಾತಾಡ್ತಾಳೆ, ತಪ್ಪಿಸಬೇಡಿ” ಎಂದು ಹೇಳಿಬರುತ್ತಿದ್ದಾರೆ. ಎದುರು ಸಾಲಿನ ಕೊನೆಯ ಮನೆಯಲ್ಲಿ ಒಬ್ಬರು ಮುದುಕಿ ಇದ್ದಾರೆ. ಕೈಯಲ್ಲಿ ಯಾವಾಗಲೂ ಕೋಲು, ಎಲ್ಲರೂ ಕೋಲಜ್ಜಿ ಎನ್ನುತ್ತಾರೆ. ಚಳಿಗಾಲವೆಲ್ಲ ಜಗಲಿಯ ಮೇಲೆ ಬಿಸಿಲು ಕಾಯುತ್ತಾ ಕೂತು, ಹೋಗಿ ಬರುವವರನ್ನೆಲ್ಲ ತಡೆದು ಬೈಯುವುದು ಅವರ ಉದ್ಯೋಗ. ಅವರೊಬ್ಬರೇ ಗೊಣಗಿದರಂತೆ. “ಸೂರ್ಯನಿಗೆ ದಾರಿ ಬಿಟ್ಟಿದೀರೇನೋ?” ಮಾವ ಅದನ್ನು ಊಟದ ಹೊತ್ತಿನಲ್ಲಿ ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಮಲಗುವಾಗ ಇವನು, “ಏನೋ ಮುಚ್ಚಿಡ್ತಿದೀಯ. ಕಣ್ಣು ನೋಡೋದೇ ನನ್ನ ಕೆಲಸ ಕಣೇ” ಎಂದ.

“ಆಫೀಸಿನ ಒತ್ತಡ.”

“ಸರಿ. ಒತ್ತಡ ಇಳಿದ ಮೇಲೆ ಹೇಳು” ಎಂದು ಆ ಕಡೆ ತಿರುಗಿದ. ಮದುವೆಯಾದ ಮೇಲೆ ಅವನ ಬೆನ್ನು ನೋಡುತ್ತಾ ಮಲಗಿದ್ದು ಇದೇ ಮೊದಲು. ಅಗಲವಾದ ಬೆನ್ನು. ಪಾಪ.


ಅಕ್ಟೋಬರ್ 14, ಮಂಗಳವಾರ

ಆಯಿತು. ಎಲ್ಲ ಸಾಂಗವಾಗಿ ಆಯಿತು. ಬರೆದುಬಿಡುತ್ತೇನೆ.

ಒಂದು ಶಾಲೆಯ ಸಭಾಂಗಣ. ನಮ್ಮ ಬೀದಿಯವರೆಲ್ಲ ಬಂದಿದ್ದರು. ಮಾವ ಹೊಸ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಅತ್ತೆ, ಇವನು. ವೇದಿಕೆಯ ಮೇಲೆ ನಗರ ಕಚೇರಿಯ ಅಧಿಕಾರಿ, ದೊಡ್ಡ ಸರ್, ಮಾಡೆಲ್, ನಾನು.

ನಾನು ಚೆನ್ನಾಗಿ ಮಾತಾಡಿದೆ. ಕೆಳಗಿನ ಅಂಗಡಿಗಳು, ನಡುವಿನ ತೆರೆದ ಅಂಗಳ, ಎಲ್ಲರೂ ಕೂರಬಹುದಾದ ಮೆಟ್ಟಿಲುಗಳು, ಹಿಂದಿನ ಬೀದಿಯಿಂದ ನೇರ ದೊಡ್ಡ ರಸ್ತೆಗೆ ಹೋಗಲು ಒಂದು ಕಾಲುದಾರಿ. ಕಾಲುದಾರಿ ಎಂದಾಗ ಚಪ್ಪಾಳೆ ಬಿತ್ತು. ನೆರಳಿನ ಹಾಳೆ ತೋರಿಸಿದೆ. ಮಾರ್ಚ್, ಜೂನ್. ತಿಳಿನೀಲಿ. ಅದಕ್ಕೂ ಚಪ್ಪಾಳೆ ಬಿತ್ತು.

ಕೋಲಜ್ಜಿ ಎದ್ದು ನಿಂತರು.

“ನಂದು ಒಂದೇ ಪ್ರಶ್ನೆ. ಚಳಿಗಾಲದಲ್ಲಿ ನಮ್ಮ ಜಗಲಿ ಮೇಲೆ ಬಿಸಿಲು ಬೀಳತ್ತೋ ಇಲ್ವೋ?”

“ಅಜ್ಜಿ, ನಿಯಮದ ಪ್ರಕಾರ ಪ್ರಾತಿನಿಧಿಕವಾದ ಎರಡು ದಿನಗಳನ್ನು...”

“ನಿಯಮ ನಿನ್ನ ಹತ್ರ ಇಟ್ಕೊಳ್ಳೇ ಹುಡುಗಿ. ಬೀಳತ್ತೋ, ಇಲ್ವೋ?”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡ ಸರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆ ಎಂದು ಈಗಲೂ ನನಗೆ ಗೊತ್ತಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಮಾವ ಎದ್ದರು.

“ಅಜ್ಜಿ, ಕೂತ್ಕೊಳ್ಳಿ. ಅವಳು ನಮ್ಮನೆ ಸೊಸೆ. ನಮ್ಮ ಹತ್ತಿ ಒಣಗೋ ತಾರಸಿ ಮೇಲೇನೇ ಅವಳ ಬಟ್ಟೇನೂ ಒಣಗೋದು. ಬಿಸಿಲು ಹೋಗೋ ಹಾಗಿದ್ರೆ ಹೇಳದೆ ಇರ್ತಾಳಾ?” ಆಮೇಲೆ ಸಭೆಯ ಕಡೆ ತಿರುಗಿದರು. “ಇದಕ್ಕೆ ನಾನು ಜವಾಬ್ದಾರಿ. ಯಾರಿಗೆ ಏನು ಅನುಮಾನ ಇದ್ರೂ ನಾಳೆ ಬಂದು ನನ್ನ ಕೇಳಿ.”

ಆಕ್ಷೇಪಣೆ ಇಲ್ಲದವರು ಕೈ ಎತ್ತಿ ಎಂದರು ಅಧಿಕಾರಿ. ಕೈಗಳು ಎದ್ದವು. ಕೋಲಜ್ಜಿಯ ಕೈ ಕೋಲಿನ ಮೇಲೇ ಇತ್ತು. ಎಲ್ಲರೂ ಅವರನ್ನೇ ನೋಡಿದರು. ಕೊನೆಗೆ ಅವರೂ ಎತ್ತಿದರು. “ನಿನ್ನ ಮಾತಿಗೆ ಎತ್ತಿದ್ದು ಕಣಪ್ಪ” ಎಂದರು ಮಾವನಿಗೆ, “ಅವಳ ಮಾತಿಗಲ್ಲ.”

ತಿಂಗಳ ಕೊನೆಯವರೆಗೆ ಯಾರು ಬೇಕಾದರೂ ಮನಸ್ಸು ಬದಲಿಸಿ ಬರೆದುಕೊಡಬಹುದು ಎಂದು ಅಧಿಕಾರಿ ಓದಿ ಹೇಳಿದಾಗ ಕುರ್ಚಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮಾವ ವೇದಿಕೆ ಹತ್ತಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ನಗುತ್ತಿದ್ದೆ. ಯಾರೋ ಫೋಟೋ ತೆಗೆದರು.


ಅಕ್ಟೋಬರ್ 15, ಬುಧವಾರ

ಜ್ವರ ಎಂದು ಹೇಳಿ ಮಲಗಿದ್ದೆ. ಕೆಳಗೆ ಮಿಷನ್ ನಡೆಯುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಮಾವ ನಿನ್ನೆಯ ಕಥೆ ಹೇಳುತ್ತಿದ್ದರು. ಪ್ರತಿ ಸಲವೂ ನಾನು ಸ್ವಲ್ಪ ಹೆಚ್ಚು ಜಾಣೆಯಾಗುತ್ತಿದ್ದೆ.


ಅಕ್ಟೋಬರ್ 16, ಗುರುವಾರ

ಮೊದಲು ಇವನಿಗೆ ಹೇಳಿದೆ. ಅವನು ಶೂ ಹಾಕಿಕೊಳ್ಳುತ್ತಿದ್ದ. ಒಂದು ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದೇ ಪೂರ್ತಿ ಕೇಳಿದ.

“ಅಪ್ಪ ಜೀವಮಾನದಲ್ಲಿ ಯಾರ ಪರವಾಗಿಯೂ ಮಾತು ಕೊಟ್ಟವರಲ್ಲ” ಎಂದ. “ಚಿಕ್ಕಪ್ಪ ಕಾಲು ಹಿಡಿದಾಗಲೂ ಕೊಡಲಿಲ್ಲ. ನನ್ನ ಕೆಲಸಕ್ಕೆ ಅಂತ ಕೇಳಿದಾಗಲೂ ಕೊಡಲಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ನಿಲ್ಲಲ್ಲ ಅಂತಿದ್ರು.”

“ನಾನು ಬಿಟ್ಟುಬಿಡಬಹುದಿತ್ತು. ಕೆಲಸ.”

“ನನಗೆ ಹೇಳಬಹುದಿತ್ತು” ಎಂದ. “ಅಷ್ಟೇ ಸಾಕಿತ್ತು.” ಇನ್ನೊಂದು ಶೂ ಹಾಕಿಕೊಂಡು, “ಅಪ್ಪ ಮೇಲಿದಾರೆ. ಹೋಗಿ ಹೇಳು. ನಾನು ಬರಲ್ಲ” ಎಂದು ಮೆಟ್ಟಿಲಿಳಿದ.

ಮಾವ ತಾರಸಿಯ ಮೇಲೆ ಉದ್ದ ಕೋಲಿನಿಂದ ಹತ್ತಿ ಮಗುಚುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಟವರ್ ತಿರುಗಿಸಿದ್ದು, ನೆರಳು, ಎರಡು ದಿನ. ಅವರು ಕೈ ನಿಲ್ಲಿಸಲಿಲ್ಲ.

“ಯಾವಾಗಿಂದ ಯಾವಾಗಿನವರೆಗೆ?”

“ನವೆಂಬರಿಂದ. ಫೆಬ್ರವರಿ ತನಕ.”

“ಬೆಳಗ್ಗೆಯಾ ಸಂಜೆಯಾ?”

“ಮಧ್ಯಾಹ್ನಾನೂ ಮಾವ.”

“ನಮ್ಮ ಸೀಸನ್ನೇ ಅದು” ಎಂದರು. ಬೈಯುವ ದನಿಯಲ್ಲಿ ಅಲ್ಲ. ಊರಿಗೆ ಹೊಸಬರಾದವರಿಗೆ ವಿವರಿಸುವ ದನಿಯಲ್ಲಿ. ಇನ್ನೊಂದು ಸಾಲು ಮಗುಚಿ ಕೇಳಿದರು. “ಮೊನ್ನೆ ನಾನು ಎದ್ದು ನಿಂತಾಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವರು ಕೋಲು ಗೋಡೆಗೊರಗಿಸಿ ಕೆಳಗೆ ಹೋದರು. ಮಧ್ಯಾಹ್ನ ಉಣ್ಣಲಿಲ್ಲ. ಅತ್ತೆಗೆ ಎಷ್ಟು ಗೊತ್ತಾಯಿತೋ ತಿಳಿಯದು. ನನಗೆ ಬಡಿಸಿದರು. ಮೊದಲಿನಷ್ಟೇ ಬಡಿಸಿದರು.


ಅಕ್ಟೋಬರ್ 18, ಶನಿವಾರ

ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಮಾವ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದರು. ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

“ಮೊನ್ನೆ ನಾನು ಕೊಟ್ಟ ಮಾತು ವಾಪಸ್ ತಗೋತಿದೀನಿ. ಚಳಿಗಾಲದಲ್ಲಿ ಬಿಸಿಲು ಬರಲ್ಲವಂತೆ. ಸೊಸೆ ಹೇಳಿದ್ದನ್ನ ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ನೀವು ಆಕ್ಷೇಪಣೆ ಬರೆದುಕೊಡಿ.”

ಆ ಮನೆಯಾತ, “ಏನು ಯಜಮಾನ್ರೇ, ಕಿವೀಗೂ ಹತ್ತಿ ತುಂಬಿಸ್ಕೊಂಡ್ರಾ?” ಎಂದು ನಗಾಡಿದ. ಮಾವನೂ ಅವನ ಜೊತೆ ನಕ್ಕರು.

ಚಪ್ಪಲಿಯನ್ನೂ ಹಾಕದೆ ಓಡಿದೆ. ಓಡಿ ಏನು ಮಾಡಿದೆ? ಅವರ ಹಿಂದೆ ನಿಂತೆ. ಎರಡನೆಯ ಮನೆಯಲ್ಲಿ ಅವರು ಅದನ್ನೇ ಹೇಳಿದರು, ನಾನು ಹಿಂದೆ ನಿಂತಿದ್ದೆ. ಆಕೆ “ವಯಸ್ಸಾಯ್ತಲ್ಲ, ನೀನಾದ್ರೂ ಬಿಡಿಸಿ ಹೇಳಬಾರದೇನಮ್ಮ ಮಾವನಿಗೆ” ಎಂದು ನನಗೇ ಬುದ್ಧಿ ಹೇಳಿದಳು. ನಾನು ತಲೆಯಾಡಿಸಿದೆ. ಮೂರನೆಯ ಮನೆಯಲ್ಲೂ ಅಷ್ಟೇ. ಮಾವ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನಿದ್ದೇನೆಂದು ಅವರಿಗೆ ಗೊತ್ತಿತ್ತು.

ಅಲ್ಲಿಂದ ಅವರು ಬೀದಿ ದಾಟಿ ನೇರ ಕೊನೆಯ ಮನೆಗೆ ನಡೆದರು. ಕೋಲಜ್ಜಿ ಜಗಲಿಯ ಮೇಲಿದ್ದರು.

“ಅಜ್ಜಿ, ಮೊನ್ನೆ ನನಗೆ ಕಿವಿ ಸರಿಯಾಗಿ...”

“ನಿನ್ನ ಕಿವಿ ಚೆನ್ನಾಗೇ ಇದೆ” ಎಂದರು ಅಜ್ಜಿ. “ನಾನು ಒಳಗೆ ಕೆಮ್ಮಿದ್ರೆ ನಿನಗೆ ಅಂಗಡೀಲಿ ಕೇಳತ್ತೆ. ಈ ವಯಸ್ಸಲ್ಲಿ ಯಾಕೋ ಸುಳ್ಳು ಕಲೀತಿದೀಯ?”

ಮಾವನ ಕುತ್ತಿಗೆಯ ಹಿಂಭಾಗ ಕೆಂಪಾಗಿದ್ದು ಕಂಡಿತು.

“ಸುಳ್ಳು ಹೇಳಿದ್ದು ನಾನು ಅಜ್ಜಿ” ಎಂದೆ. “ನನಗೆ ಮೊದಲೇ ಗೊತ್ತಿತ್ತು. ಕಟ್ಟಡ ಹಾಗೆ ತಿರುಗಿಸಿದ್ದೂ ನಾನೇ. ನೆರಳು ಬೀಳದ ದಿನ ಹುಡುಕಿ ತೋರಿಸಿದೆ. ಮಾವನಿಗೆ ಏನೂ ಗೊತ್ತಿರಲಿಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಜ್ಜಿ ನನ್ನ ಬರಿಗಾಲು ನೋಡಿದರು.

“ಇಲ್ಲಿಗೆ ಬರೋ ಮುಂಚೆ ಎಷ್ಟು ಮನೇಲಿ ಹೇಳ್ದ ಇವನು, ಕಿವಿ ಕೆಟ್ಟಿದೆ ಅಂತ?”

“ಮೂರು.”

“ಹೋಗು. ಆ ಮೂರೂ ಮನೆಗೆ ಮತ್ತೆ ಹೋಗು. ಆಮೇಲೆ ಉಳಿದದ್ದು. ನೀನು ಕೂತ್ಕೊಳ್ಳೋ, ಬೆಳಗ್ಗೆಯಿಂದ ಏನಾದ್ರೂ ತಿಂದಿದೀಯಾ?” ಕೊನೆಯದು ಮಾವನಿಗೆ.

ಮಾವ ಜಗಲಿಯ ಮೇಲೆ ಕೂತರು. ನಾನು ಒಬ್ಬಳೇ ಹೋದೆ. ಒಂದು ಮನೆಯಲ್ಲಿ ಬಾಗಿಲು ಮುಖಕ್ಕೇ ಹಾಕಿದರು. ಒಂದು ಮನೆಯಲ್ಲಿ ನೀರು ಕೊಟ್ಟರು. ಬೀದಿಯ ಕೊನೆ ಮುಟ್ಟುವಾಗ ಹೇಳಬೇಕಾದದ್ದು ಬಹಳ ಚಿಕ್ಕದಾಗಿತ್ತು.


ಅಕ್ಟೋಬರ್ 31, ಶುಕ್ರವಾರ

ಕಳೆದ ವಾರ ಕಟ್ಟಿಸುವವರ ಮುಂದೆ ಚಳಿಗಾಲದ ಹಾಳೆ ಇಟ್ಟೆ. ಮಾಡೆಲ್ ಮೇಲೆ ಟವರನ್ನು ಮೊದಲಿನ ಹಾಗೆ ತಿರುಗಿಸಿ ತೋರಿಸಿದೆ. ಅಂಗಡಿಗಳ ಮುಖವನ್ನು ಅಂಗಳದೊಳಕ್ಕೆ ಮಡಿಸಿದರೆ ಉದ್ದ ಅಷ್ಟೇನೂ ಕಡಿಮೆಯಾಗುವುದಿಲ್ಲ ಎಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದೊಡ್ಡ ಸರ್ ಈ ಕೆಲಸದಿಂದ ನನ್ನನ್ನು ತೆಗೆದು, ಬೇರೊಂದು ಕಟ್ಟಡದ ಶೌಚಾಲಯಗಳ ನಕ್ಷೆ ಕೊಟ್ಟಿದ್ದಾರೆ. ಬೀದಿಯವರ ಆಕ್ಷೇಪಣೆಗಳು ನಗರ ಕಚೇರಿಯಲ್ಲಿವೆ. ಒಂದು ನನ್ನ ಹೆಸರಿನಲ್ಲೂ ಇದೆ. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ.

ಇವನು ಮಾತಾಡುತ್ತಾನೆ. ಮಾವ ಅವತ್ತಿನಿಂದ ಮಾತಾಡಿರಲಿಲ್ಲ.

ಇವತ್ತು ಸಂಜೆ ಆಫೀಸಿನಿಂದ ಬಂದಾಗ ಅವರು ಒಂದು ದೊಡ್ಡ ಹಾಸಿಗೆಯನ್ನು ತಾರಸಿಯಿಂದ ಇಳಿಸುತ್ತಿದ್ದರು, ಒಬ್ಬರೇ. ನನ್ನನ್ನು ನೋಡಿ ನಿಂತರು. ಮೆಟ್ಟಿಲ ಮೇಲೆ ದಾರಿ ಬಿಡುವಷ್ಟು ಜಾಗ ಇರಲಿಲ್ಲ.

“ಆ ತುದಿ ಹಿಡ್ಕೋ” ಎಂದರು.

ಚೀಲ ಕೆಳಗಿಟ್ಟು ಹಿಡಿದುಕೊಂಡೆ. ಇಡೀ ದಿನದ ಬಿಸಿಲು ಕುಡಿದ ಹಾಸಿಗೆ, ಭಾರವಾಗಿಯೂ ಬೆಚ್ಚಗೂ ಇತ್ತು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರಿಗೆ ನನ್ನದು ಕಾಣುತ್ತಿರಲಿಲ್ಲ. ತಿರುವಿನಲ್ಲಿ ಆ ಕಡೆಯಿಂದ “ನಿಧಾನ, ಗೋಡೆ” ಎಂದರು.

ನಿಧಾನವಾಗಿ ಇಳಿದೆವು.